ಎರಡನೇ ಲೈಟು

“ಲೇ, ಇನ್ನೊಂದ್ ಸತಿ ಆಫ್ ಮಾಡಿ ಆನ್ ಮಾಡು,” ಅಂದಳು ಮುನಿಲಕ್ಷ್ಮಿ.

“ಎಷ್ಟ್ ಸತಿ ಅಕ್ಕಾ? ಸ್ವಿಚ್ಚೇ ಕೈಗೆ ಬತ್ತೈತೆ,” ಅಂದ ತಮ್ಮ ಅಶ್ವತ್ಥ್.

ಗೋಡೆಯ ವೈಫೈ ಪೆಟ್ಟಿಗೆಯಲ್ಲಿ ಮೊದಲನೇ ಲೈಟು ಹಸಿರಾಗಿ ಉರಿಯುತ್ತಿತ್ತು. ಎರಡನೆಯದು ಸತ್ತಿತ್ತು. ಫೋನಿನಲ್ಲಿ ವೈಫೈ ಗುರುತಿತ್ತು, ನೆಟ್ ಇರಲಿಲ್ಲ.

ಅಪ್ಪ ಬೋರ್‌ವೆಲ್ ಲಾರಿಯ ಜೊತೆ ಛತ್ತೀಸಗಡದಲ್ಲಿದ್ದ. ನಾಳೆ ಲಾರಿ ಕಾಡಿನೊಳಗೆ ಹೋಗುತ್ತದೆ. ಅಲ್ಲಿ ಸಿಗ್ನಲ್ ಇಲ್ಲ, ದೀಪಾವಳಿವರೆಗೂ ಮಾತಿಲ್ಲ. ಇವತ್ತು ಸಂಜೆ ವಿಡಿಯೋ ಕಾಲ್ ಮಾಡುತ್ತೇನೆ ಎಂದಿದ್ದ. ಕೊಳತ್ತೂರಿನಾಚೆಯ ಈ ಊರಲ್ಲಿ ಟವರ್ ಸಿಗುವುದು ಗುಡ್ಡದ ಮೇಲೆ ಮಾತ್ರ. ಅಜ್ಜಿ ಕಣ್ಣಮ್ಮನಿಗೆ ಗುಡ್ಡ ಹತ್ತಲಾಗದು.

ಹುಡುಗರ ತಲೆ ತಿನ್ನುತ್ತೆ ಎಂದು ಅಜ್ಜಿ ಆ ಪೆಟ್ಟಿಗೆಯನ್ನು ದಿನಾ ಬೈಯುತ್ತಿದ್ದಳು. ಮಗನ ಕಾಲ್ ಬಂದರೆ ಮಾತ್ರ ಫೋನನ್ನು ಮೂಗಿಗೇ ಒತ್ತಿಕೊಳ್ಳುತ್ತಿದ್ದಳು. ಆಚೆ ಅಪ್ಪನಿಗೆ ಕಾಣುವುದು ಅವಳ ಹಣೆಯ ಬೊಟ್ಟೊಂದೇ. ಅಶ್ವತ್ಥ್ ಬಿದ್ದು ಬಿದ್ದು ನಗುತ್ತಿದ್ದ.

ಈಗ ಅವನು ಪೆಟ್ಟಿಗೆಯ ಎರಡು ಕೊಂಬನ್ನೂ ಬಡಗಣ ದಿಕ್ಕಿಗೆ ತಿರುಗಿಸಿದ. ಛತ್ತೀಸಗಡ ಆ ಕಡೆಯೇ ಇದೆಯಂತೆ. ಏನೂ ಆಗಲಿಲ್ಲ.

ಎರಡನೇ ಲೈಟು ಹೋದರೆ ವೈರು ನೋಡಬೇಕು ಎಂದು ಕೇಬಲ್ ಸೆಲ್ವಕುಮಾರ್ ಅಣ್ಣ ಹೇಳಿದ್ದು ಮುನಿಲಕ್ಷ್ಮಿಗೆ ನೆನಪಾಯಿತು. ಕಂಬದಿಂದ ವೈರು ಹಿಡಿದುಕೊಂಡೇ ಬಂದಳು. ಇಲಿ ಕಡಿದಿರಲಿಲ್ಲ, ಕುರಿ ಮೇದಿರಲಿಲ್ಲ. ಕೊನೆಗೆ ಪೆಟ್ಟಿಗೆಯಿಂದ ವೈರನ್ನು ಕಿತ್ತಳು. ಅದರ ಪಿನ್ ಹಳದಿಯಾಗಿತ್ತು. ಅದು ಕೂರುವ ತೂತೂ ಹಳದಿ. ಮೂಸಿ ನೋಡಿದಳು. ಗಂಧ.

ನಿನ್ನೆ ಆಯುಧ ಪೂಜೆ. ಕುಡುಗೋಲು, ಉಣ್ಣೆ ಕತ್ತರಿ, ಮಿಕ್ಸಿ, ಸೈಕಲ್ಲು, ಎಲ್ಲಕ್ಕೂ ಅಜ್ಜಿ ಗಂಧ ಕುಂಕುಮ ಇಟ್ಟಿದ್ದಳು.

“ಅಜ್ಜೀ, ಇದುಕ್ಕೂ ಬೊಟ್ಟಿಟ್ಯಾ?”

ಅಜ್ಜಿ ಪೂಜೆಯ ಪುರಿ ತಿನ್ನುವುದನ್ನು ನಿಲ್ಲಿಸಲಿಲ್ಲ. “ಮಗನ ಮಕ ತೋರ್ಸ್ತೈತಲ್ಲ, ಬುಡಕ್ಕಾಯ್ತದಾ? ವೈರು ಕಿತ್ತು, ಒರಸಿ, ಅಣೆಗೆ ಇಟ್ಟೆ.”

“ಅದು ಅಣೆ ಅಲ್ಲಜ್ಜಿ, ಬಾಯಿ,” ಅಂದ ಅಶ್ವತ್ಥ್. “ಅದುಕ್ಕೇ ಮಾತು ಬತ್ತಿಲ್ಲ.”

“ಬೆರಳಿಗೆ ಸಿಕ್ಕಿದ ಕಡೆ ಇಟ್ಟೆ ಕಣ್ಲಾ. ನಂಗೇನು ನಿನ್ನಂಗೆ ಕಾಣ್ತೈತಾ?”

ಮುನಿಲಕ್ಷ್ಮಿ ಅಜ್ಜಿಯ ಕಣ್ಣನ್ನೊಮ್ಮೆ ನೋಡಿದಳು. ಆಮೇಲೆ ಸ್ವಿಚ್ ಆಫ್ ಮಾಡಿ, ಹಳೇ ಟೂತ್‌ಬ್ರಷ್ಷಿನಿಂದ ಒಣಗಿದ ಗಂಧವನ್ನು ಉಜ್ಜಿ ಉಜ್ಜಿ ಉದುರಿಸಿದಳು. ವೈರು ಸಿಕ್ಕಿಸಿ ಆನ್ ಮಾಡಿದಳು. ಎರಡನೇ ಲೈಟು ಮಿಣುಕಿತು, ಆರಿತು, ಮತ್ತೆ ಮಿಣುಕಿ ನಿಂತಿತು.

ಸ್ವಲ್ಪ ಹೊತ್ತಿಗೆ ಫೋನು ಹಾಡಿತು. ಅಜ್ಜಿ ಅದನ್ನು ಕಿತ್ತುಕೊಂಡು ಮೂಗಿಗೆ ಒತ್ತಿಕೊಂಡಳು.

“ಅವ್ವಾ, ಬರೀ ಬೊಟ್ಟು ಕಾಣ್ತೈತೆ. ವಸಿ ದೂರ ಇಡು,” ಅಂದ ಅಪ್ಪ. ಅಶ್ವತ್ಥ್ ಆಗಲೇ ನಗುತ್ತಿದ್ದ.

ಫೋನನ್ನು ಹಿಂದಕ್ಕೆ ಎಳೆಯುವುದು ಯಾವಾಗಲೂ ಮುನಿಲಕ್ಷ್ಮಿಯ ಕೆಲಸ. ಇವತ್ತು ಎಳೆಯಲಿಲ್ಲ.

“ಇರ್ಲಿ ಬುಡಪ್ಪ,” ಅಂದಳು. ಅಜ್ಜಿಯ ಕೈಯ ಅಡಿಯಲ್ಲಿ ತನ್ನ ಕೈ ಕೊಟ್ಟು, ಇನ್ನೊಂದು ಕೈಯಿಂದ ಫೋನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿದಳು.