ದೊರೆಗೆ ಮೂರು ದಿನ ಉಪವಾಸ

ಆ ಮನೆಯಲ್ಲಿ ಮೀನಿನ ಕಾಯಿಲೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಔಷಧಿ ಹೇಳುವವರು ಮಾತ್ರ ನಾಲ್ಕು ಜನ ಇದ್ದರು.

ನಾಲ್ವರೂ ಊಟದ ಮೇಜಿನ ಮೇಲಿದ್ದ ಗಾಜಿನ ತೊಟ್ಟಿಯ ಸುತ್ತ ಬಗ್ಗಿ ನಿಂತಿದ್ದರು. ಒಳಗೆ ನೀಲಿ ಬಣ್ಣದ ಬೆಟ್ಟಾ ಮೀನು ಒಂದು ಪಕ್ಕಕ್ಕೆ ವಾಲಿಕೊಂಡು ತೇಲುತ್ತಿತ್ತು. ಹೊಟ್ಟೆ ಗೋಲಿ ನುಂಗಿದ ಹಾಗೆ ಉಬ್ಬಿತ್ತು. ಬಾಲ ಬಡಿದು ಕೆಳಗೆ ಹೋಗಲು ನೋಡುವುದು, ಬೆಂಡಿನ ಹಾಗೆ ಮತ್ತೆ ಮೇಲೆ ಬರುವುದು, ಇಷ್ಟೇ ಅದರ ಕೆಲಸವಾಗಿತ್ತು.

ಅಜ್ಜಿಯ ಪ್ರಕಾರ ಅದಕ್ಕೆ ಶೀತ. ತೊಟ್ಟಿಗೆ ಶಾಲು ಸುತ್ತಬೇಕು. ಅಪ್ಪ ಬಸ್ ಡ್ರೈವರ್. ಅವನ ಪ್ರಕಾರ ಅದು ಬರೀ ಗ್ಯಾಸು. ತನಗೂ ದಿನಾ ಆಗುತ್ತದೆ, ಯಾರೂ ಹೀಗೆ ಸುತ್ತ ನಿಂತು ನೋಡುವುದಿಲ್ಲ ಅಂದ. ಜಿಮ್ ಹುಚ್ಚಿನ ಚಿಕ್ಕಪ್ಪ ಮೀನಿಗೆ ವ್ಯಾಯಾಮ ಸಾಲದು ಅಂದ. ಅಮ್ಮ ಆಗಷ್ಟೇ ಬಟ್ಟೆ ಫ್ಯಾಕ್ಟರಿಯಿಂದ ಬಂದಿದ್ದಳು. ಹೆಗಲ ಚೀಲ ಇಳಿಸದೆಯೇ, "ಪಾಪ, ಹೊಟ್ಟೆಗೆ ಏನಾದ್ರೂ ಹಾಕೋಣ. ತಿಂದ್ರೆ ಸರಿ ಹೋಗುತ್ತೆ," ಅಂದಳು.

ಮನೆಯ ಹುಡುಗಿ ಗುಬ್ಬಿ ಮಾತ್ರ ಸುಮ್ಮನಿದ್ದಳು. ಅವಳು ಸುಮ್ಮನಿರುವುದು ಅಪರೂಪ. ಹುಟ್ಟಿದಾಗಿನಿಂದ ಚಿಲಿಪಿಲಿ ನಿಲ್ಲಿಸಿಲ್ಲ ಎಂದೇ ಮನೆಯವರು ಆ ಹೆಸರಿಟ್ಟಿದ್ದರು.

ಮೀನು ಅವಳದಾಗಿರಲಿಲ್ಲ. ಅದು ಐದನೇ ಕ್ಲಾಸಿನ ಮೀನು, ಹೆಸರು ದೊರೆ. ಒಂಬತ್ತು ದಿನದ ರಜೆಗೆ ಅದನ್ನು ಯಾರು ಮನೆಗೆ ಒಯ್ಯುತ್ತೀರಿ ಎಂದು ವಿಜ್ಞಾನದ ಮಿಸ್ ಕೇಳಿದಾಗ ಎಲ್ಲರೂ ಕೈ ಎತ್ತಿದ್ದರು. ಗುಬ್ಬಿ ಬೆಂಚಿನ ಮೇಲೆ ಹತ್ತಿ ನಿಂತು ಕೈ ಎತ್ತಿದ್ದಳು. ಇವಳಿಗೆ ಕೊಟ್ಟರೆ ಮೀನಿನ ಕತೆ ಮುಗೀತು ಎಂದು ಕ್ಲಾಸಿನ ಮಾನಿಟರ್ ಎಲ್ಲರಿಗೂ ಕೇಳುವ ಹಾಗೆ ಅಂದಿದ್ದ. ಅದಕ್ಕೇ ಮಿಸ್ ಗುಬ್ಬಿಗೇ ಕೊಟ್ಟರು. ಸೋಮವಾರ ಬೆಳಿಗ್ಗೆ ಹೀಗೇ ಈಜುತ್ತಾ ವಾಪಸ್ ಬರಬೇಕು ಎಂದೂ ಹೇಳಿದರು.

ಇವತ್ತು ಮಂಗಳವಾರ. ದೊರೆ ಈಜುತ್ತಿರಲಿಲ್ಲ.

ಗುಬ್ಬಿಗೆ ಕಾಯುವುದು ಅಂದರೆ ಆಗದು. ದೊಡ್ಡವರ ವಾದ ಮುಗಿಯುವ ಮೊದಲೇ ಅವಳು ತೊಟ್ಟಿಯನ್ನು ಬಚ್ಚಲಿಗೆ ಒಯ್ದಳು. ಟೀ ಸೋಸುವ ಜಾಲರಿಯಲ್ಲಿ ಮೀನನ್ನು ಎತ್ತಿ ಲೋಟಕ್ಕೆ ಹಾಕಿದಳು. ಹಳೆಯ ನೀರನ್ನೆಲ್ಲ ಚೆಲ್ಲಿ, ತೊಟ್ಟಿಯನ್ನು ತಿಕ್ಕಿ, ನಲ್ಲಿ ತಿರುಗಿಸಿ ಹೊಸ ನೀರು ತುಂಬಿದಳು. ತೊಟ್ಟಿ ಫಳಫಳ ಹೊಳೆಯಿತು. ದೊರೆ ಅದರೊಳಗೆ ರೆಕ್ಕೆಗಳನ್ನೆಲ್ಲ ಮುಚ್ಚಿದ ಕೊಡೆಯ ಹಾಗೆ ಮಡಚಿಕೊಂಡು, ಮೊದಲಿಗಿಂತ ಹೆಚ್ಚು ವಾಲಿತು.

ಮರುದಿನ ಬೆಳಿಗ್ಗೆ ಗುಬ್ಬಿ ಟಯರ್ ಅಂಗಡಿ ದಾಟಿ, ಬೀದಿಯ ತುದಿಯ ಸಾಕುಮೀನಿನ ಅಂಗಡಿಗೆ ಓಡಿದಳು. ಅಂಗಡಿಯಾಕೆ ಮೊಣಕೈವರೆಗೆ ನೀರಲ್ಲಿ ಕೈಬಿಟ್ಟು ದೊಡ್ಡ ತೊಟ್ಟಿಯ ಪಾಚಿ ಕೆರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಆಂಟಿ, ಮೀನಿಗೆ ಹುಷಾರಿಲ್ಲ. ಔಷಧಿ ಕೊಡಿ."

"ಯಾವ ಕಾಯಿಲೆಗೆ?"

"ಮೀನಿನ ಕಾಯಿಲೆಗೆ."

ಆಂಟಿ ಕೈ ಹೊರಗೆ ತೆಗೆದು ಏಪ್ರನ್ನಿಗೆ ಒರೆಸಿಕೊಂಡಳು. ಆಮೇಲೆ ಕೇಳಿದ್ದೇ ಕೇಳಿದ್ದು. ಮೈ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಇದೆಯಾ? ಟಾರ್ಚ್ ಬಿಟ್ಟರೆ ಚಿನ್ನದ ಪುಡಿ ಹಚ್ಚಿದ ಹಾಗೆ ಹೊಳೆಯುತ್ತಾ? ಬಾಲದ ಅಂಚು ಕಪ್ಪಗಾಗಿದೆಯಾ? ಕಕ್ಕ ಮಾಡಿ ಎಷ್ಟು ದಿನ ಆಯಿತು? ಮೇಲಿನಿಂದ ನೋಡಿದರೆ ಮೈಯ ಹುರುಪೆಗಳು ಒಂದರ ಮೇಲೊಂದು ಮಲಗಿವೆಯಾ, ಎದ್ದು ನಿಂತಿವೆಯಾ?

ಗುಬ್ಬಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಮೀನನ್ನೇ ಚೀಲದಲ್ಲಿ ಹಾಕಿ ತರುತ್ತೇನೆ ಅಂದಳು.

"ಮೀನು ತರಬೇಡ, ಸುದ್ದಿ ತಾ," ಅಂದಳು ಆಂಟಿ. "ಕುರ್ಚಿ ಹಾಕ್ಕೊಂಡು ಹತ್ತು ನಿಮಿಷ ನೋಡು. ಕೈ ಹಾಕ್ಬೇಡ, ಬರೀ ನೋಡು. ಹುರುಪೆ ಎದ್ದು ನಿಂತಿದ್ರೆ ನಾನೂ ಹೆಚ್ಚೇನೂ ಮಾಡಕ್ಕಾಗಲ್ಲ. ಅದನ್ನ ಮೊದಲು ನೋಡು."

ಗುಬ್ಬಿ ಮನೆಗೆ ಬಂದು ಕುರ್ಚಿ ಎಳೆದು ಕೂತಳು. ಹತ್ತು ನಿಮಿಷ ಅಷ್ಟು ಉದ್ದ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮೊದಲು ಕುರ್ಚಿಯ ಮೇಲೆ ನಿಂತು ಮೇಲಿನಿಂದ ನೋಡಿದಳು. ದೊರೆಯ ಬೆನ್ನು ನುಣ್ಣಗಿತ್ತು. ಹುರುಪೆಗಳು ಹಂಚು ಹೊದಿಸಿದ ಮಾಡಿನ ಹಾಗೆ ಸಾಲಾಗಿ ಮಲಗಿದ್ದವು. ಅವಳು ಎರಡು ಸಲ ನೋಡಿ ಖಚಿತ ಮಾಡಿಕೊಂಡಳು. ಬಿಳಿ ಚುಕ್ಕೆ ಇಲ್ಲ. ಟಾರ್ಚ್ ಬಿಟ್ಟಳು, ಚಿನ್ನದ ಪುಡಿಯೂ ಇಲ್ಲ. ಆಮೇಲೆ ಬಾಲ ನೋಡಿದಳು. ನಿನ್ನೆ ಬೀಸಣಿಗೆಯ ಹಾಗಿದ್ದ ಬಾಲ ಎರಡು ಕಡೆ ಸೀಳಿತ್ತು. ಬೆನ್ನಿನ ರೆಕ್ಕೆಯ ತುದಿಯೂ ಹರಿದಿತ್ತು. ಟೀ ಜಾಲರಿಯ ತಂತಿ ಅವಳ ಕಣ್ಣ ಮುಂದೆ ಬಂತು.

ಮತ್ತೆ ಅಂಗಡಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದಳು. ಜಾಲರಿಯ ವಿಷಯ ಕೊನೆಗೆ, ಸಣ್ಣ ದನಿಯಲ್ಲಿ ಹೇಳಿದಳು. ಬೈಗುಳ ಬಿತ್ತು. ಬೆಟ್ಟಾವನ್ನು ಲೋಟದಲ್ಲೇ ಹಿಡಿಯಬೇಕು, ಜಾಲರಿಯಲ್ಲಿ ಅಲ್ಲ. ನೀರನ್ನು ಒಮ್ಮೆಗೇ ಪೂರ್ತಿ ಚೆಲ್ಲಬಾರದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ತಣ್ಣಗೂ ಇರುತ್ತದೆ. ನಿನ್ನನ್ನು ನಿದ್ದೆಯಲ್ಲಿ ಎತ್ತಿ ಐಸ್ ನೀರಿನ ಬಕೆಟ್ಟಿಗೆ ಹಾಕಿದರೆ ಹೇಗಿರುತ್ತೆ ಎಂದು ಆಂಟಿ ಕೇಳಿದಳು.

"ಹುರುಪೆ ಮಲಗಿದೆ ಅಲ್ವಾ, ಬದುಕ್ಕೊಂಡ. ಇದು ಬರೀ ಹೊಟ್ಟೆ ಕಟ್ಟಿದ್ದು. ದಿನಕ್ಕೆ ಎಷ್ಟು ಕಾಳು ಹಾಕ್ತೀಯ?"

"ಬೆಳಿಗ್ಗೆ ಎರಡು, ಸಾಯಂಕಾಲ ಎರಡು. ಮಿಸ್ ಹೇಳಿದಷ್ಟೇ."

"ಸುಳ್ಳು. ಇದು ನಾಲ್ಕು ಕಾಳಿನ ಹೊಟ್ಟೆ ಅಲ್ಲ. ಮನೇಲಿ ಎಷ್ಟು ಜನ?"

"ಐದು."

"ಎಲ್ಲರನ್ನೂ ಕೇಳು," ಅಂದಳು ಆಂಟಿ. "ಅದರ ಹೊಟ್ಟೆ ಎಷ್ಟು ದೊಡ್ಡದು ಗೊತ್ತಾ? ಅದರ ಕಣ್ಣಿನಷ್ಟು. ಮೂರು ದಿನ ಒಂದು ಕಾಳೂ ಬೇಡ. ಇದೇ ಔಷಧಿ. ನೀರು ಒಂದು ಗೇಣಿಗಿಂತ ಕಮ್ಮಿ ಇರಲಿ, ಈ ಜಾತಿ ಮೀನು ಉಸಿರಾಡೋಕೆ ಮೇಲೆ ಬರಬೇಕು, ಅದು ಸುಲಭ ಆಗುತ್ತೆ. ದಿನಾ ನಾಲ್ಕನೇ ಒಂದು ಭಾಗ ನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ನೀರು ಹಾಕು. ಬಾಲದ ಅಂಚಿನ ಮೇಲೆ ಕಣ್ಣಿಡು. ಕಪ್ಪಗಾದ್ರೆ ಕೊಳೀತಿದೆ ಅಂತ ಅರ್ಥ, ಆಗ ಓಡಿ ಬಾ."

ಇವತ್ತಿನ ಮಟ್ಟಿಗೆ ಕ್ಲೋರಿನ್ ತೆಗೆಯುವ ಔಷಧಿಯ ನಾಲ್ಕು ಹನಿಯನ್ನು ಒಂದು ಸಣ್ಣ ಸೀಸೆಯಲ್ಲಿ ಹಾಕಿಕೊಟ್ಟಳು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಊಟ ಆಯಿತಾ ಎಂದು ಯಾರನ್ನೂ ಕೇಳುವಂತಿರಲಿಲ್ಲ. ಅಪ್ಪನ ಬಸ್ಸು ಬೆಳಗಿನ ಜಾವ ಹೊರಡುತ್ತದೆ, ಅಮ್ಮನ ಶಿಫ್ಟು ವಾರಕ್ಕೊಂದು ಥರ, ಚಿಕ್ಕಪ್ಪ ಬರುವ ಹೊತ್ತು ಅವನಿಗೇ ಗೊತ್ತಿಲ್ಲ. ಯಾರು ಯಾವಾಗ ಬಂದರೂ ಎದುರಿಗಿದ್ದವರು ಮೊದಲು ತಟ್ಟೆ ಇಡಬೇಕು. 'ಊಟ ಆಯ್ತಾ' ಎಂದು ಕೇಳಿದರೆ, ಹಾಕುವ ಮನಸ್ಸಿಲ್ಲ ಎಂದರ್ಥ. ಇದು ಅಜ್ಜಿಯ ಕಾನೂನು.

ಮೀನಿಗೂ ಅದೇ ಕಾನೂನು ಅನ್ವಯವಾಗಿತ್ತು.

ಗುಬ್ಬಿ ಕಾಗದ ಪೆನ್ಸಿಲ್ ಹಿಡಿದು ಒಬ್ಬೊಬ್ಬರನ್ನೇ ವಿಚಾರಣೆ ಮಾಡಿದಳು. ಅಜ್ಜಿ ಟೀ ಕುಡಿಯುವಾಗ ಎರಡು ಹಾಕುತ್ತಿದ್ದಳು. ಎದುರಿಗೆ ಕೂತು ಬಾಯಿ ಬಾಯಿ ಬಿಡುವವನ ಮುಂದೆ ತಾನೊಬ್ಬಳೇ ಹೇಗೆ ಕುಡಿಯುವುದು? ಅಪ್ಪ ಡ್ಯೂಟಿಯಿಂದ ಬಂದ ಮೇಲೆ ಮೂರು. ಅಮ್ಮ ನಾಲ್ಕು. ಚಿಕ್ಕಪ್ಪ ಆರು, ಡಬ್ಬಿಯ ಮೇಲೆ ಪ್ರೋಟೀನ್ ಎಂದು ಬರೆದಿದ್ದನ್ನು ಓದಿದ್ದನಂತೆ. ಒಬ್ಬೊಬ್ಬರಿಗೂ ಒಂದು ವಿಷಯ ಖಾತ್ರಿ ಇತ್ತು: ದೊರೆಗೆ ತಮ್ಮನ್ನು ಕಂಡರೇ ಹೆಚ್ಚು ಇಷ್ಟ, ಬೇರೆಯವರು ಬಂದರೆ ಅದು ಹಾಗೆ ಕುಣಿಯುವುದಿಲ್ಲ.

"ಹದಿನೈದು," ಅಂದಳು ಗುಬ್ಬಿ. ಅವಳ ಮೂಗು ಕೆಂಪಾಗಿತ್ತು. "ನೀವೆಲ್ಲ ಸೇರಿ ಅದನ್ನ ಕೊಲ್ತಾ ಇದ್ರಿ."

ಚಿಕ್ಕಪ್ಪ ತನ್ನ ತೋಳನ್ನು ತಾನೇ ನೋಡಿಕೊಂಡ. ಅಜ್ಜಿ ಮಾತ್ರ ಕನ್ನಡಕ ಏರಿಸಿ ಕಾಗದವನ್ನು ಇಣುಕಿ ನೋಡಿದಳು.

"ನಿಂದು ಎಷ್ಟಮ್ಮ?"

"ನಂದು ನಾಲ್ಕು."

"ನಾಲ್ಕೇನಾ?"

ಗುಬ್ಬಿ ನಾಲ್ಕು ಎಂದು ಬರೆದಳು. ಬೆಳಿಗ್ಗೆ ಎರಡು, ಸಾಯಂಕಾಲ ಎರಡು. ಆಮೇಲೆ ಹಲ್ಲುಜ್ಜಿ ಬಂದಾಗ ಹಾಕಿದ್ದು ನೆನಪಾಯಿತು. ಅದು ಅವಳನ್ನು ನೋಡಿ ಗಾಜಿಗೆ ಮೂತಿ ಒತ್ತಿದಾಗ ಹಾಕಿದ್ದು. ಟಿವಿ ನೋಡುತ್ತಾ ನಡುನಡುವೆ ಎದ್ದು ಹಾಕಿದ್ದು. ನಾಲ್ಕನ್ನು ಹೊಡೆದುಹಾಕಿ ಎಂಟು ಬರೆದಳು. ಅದನ್ನೂ ಹೊಡೆದುಹಾಕಿದಳು. ಕೊನೆಗೆ ಆ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆದು ಪೆನ್ಸಿಲ್ ಕೆಳಗಿಟ್ಟಳು.

ಬುಧವಾರ ಉಪವಾಸ ಶುರುವಾಯಿತು. ಕಷ್ಟಪಟ್ಟವರು ಮನೆಯವರು. ಅಜ್ಜಿ ಟೀ ಲೋಟ ಹಿಡಿದು ಬಾಲ್ಕನಿಗೆ ಹೋದಳು, ಅವನ ಮುಖ ನೋಡಿಕೊಂಡು ಗಂಟಲಲ್ಲಿ ಇಳಿಯಲ್ಲ ಅಂದಳು. ಎಲ್ಲರೂ ಊಟಕ್ಕೆ ಕೂತಾಗ ಅಮ್ಮ ತೊಟ್ಟಿಯ ಮೇಲೆ ಟವೆಲ್ ಹೊದಿಸಿದಳು. ಜೈಲಿನಲ್ಲೂ ಊಟ ಕೊಡುತ್ತಾರೆ ಎಂದು ಅಪ್ಪ ಗೊಣಗಿದ. ಕಾಳಿನ ಡಬ್ಬಿ ಗುಬ್ಬಿಯ ಜೇಬಿನಲ್ಲೇ ಇತ್ತು. ರಾತ್ರಿ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಮರುದಿನ ಅವಳ ತಲೆ ಒಣಮೀನಿನ ಹಾಗೆ ನಾತ ಹೊಡೆಯಿತು.

ಗುರುವಾರ ಮಧ್ಯಾಹ್ನ ಚಿಕ್ಕಪ್ಪ ತೊಟ್ಟಿಯ ಹತ್ತಿರ ಸುಮ್ಮನೆ ಸುಳಿದಾಡುತ್ತಿದ್ದ. ಮುಷ್ಟಿ ಬಿಗಿಯಾಗಿತ್ತು. ಗುಬ್ಬಿ ಬಿಡಿಸಿದಳು. ಒಂದು ಬ್ರೆಡ್ಡಿನ ಚೂರು.

"ಇದು ಕಾಳಲ್ಲ," ಅಂದ ಚಿಕ್ಕಪ್ಪ.

ಗುಬ್ಬಿ ಆ ಚೂರನ್ನು ಅವನ ಎದುರೇ ತಾನು ತಿಂದಳು.

ಅವಳಿಗೂ ಸುಲಭವಾಗಿರಲಿಲ್ಲ. ದಿನಾ ಹತ್ತು ನಿಮಿಷ ಕುರ್ಚಿ ಹಾಕಿಕೊಂಡು ಕೂರುವಾಗ ದೊರೆ ವಾಲುತ್ತಲೇ ಅವಳತ್ತ ಬರುತ್ತಿತ್ತು, ಬಾಯಿ ತೆರೆಯುತ್ತಿತ್ತು. ಜೇಬಿನಲ್ಲಿ ಡಬ್ಬಿ ಇತ್ತು. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದಳು. ಬಾಲದ ಸೀಳಿನ ಪಕ್ಕದ ಎರಡು ಚೂರು ಉದುರಿದವು. ಬೆನ್ನಿನ ರೆಕ್ಕೆಯ ತುದಿಯೂ ಹೋಯಿತು. ಅಂಚು ಮಾತ್ರ ಕಪ್ಪಗಾಗಲಿಲ್ಲ. ಅವಳು ನೋಡುತ್ತಲೇ ಇದ್ದಳು.

ಶುಕ್ರವಾರ ಸಂಜೆ ಅವಳು ಕುರ್ಚಿಯಿಂದ ಎದ್ದು ನಿಂತು ಇಡೀ ಮನೆಗೆ ಕೇಳುವ ಹಾಗೆ ಹೇಳಿದಳು: "ದೊರೆ ಕಕ್ಕ ಮಾಡ್ತು."

ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. ಅಪ್ಪ ಅರ್ಧ ಶೇವ್ ಮಾಡಿದ ಮುಖದಲ್ಲೇ ಬಂದ. ಅಜ್ಜಿ ಬೇರೆ ಕನ್ನಡಕ ಹುಡುಕಿ ತಂದಳು. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರ ಕಕ್ಕಕ್ಕೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಚಿಕ್ಕಪ್ಪ ಫೋಟೊ ತೆಗೆದ. ದೊರೆ ಅವರ ಎದುರೇ ನಿಧಾನವಾಗಿ ನೆಟ್ಟಗಾಗಿ, ತೊಟ್ಟಿಯ ತಳಕ್ಕೆ ಹೋಗಿ, ಒಂದು ಕಲ್ಲನ್ನು ಮೂಸಿ ಮೇಲೆ ಬಂತು.

ಶನಿವಾರ ಅದಕ್ಕೆ ಒಂದು ಕಾಳು ಸಿಕ್ಕಿತು. ಭಾನುವಾರ ಎರಡು. ಹಾಕಿದವಳು ಗುಬ್ಬಿ, ಉಳಿದವರು ಕೈಕಟ್ಟಿ ನಿಂತು ನೋಡಿದರು.

ಸೋಮವಾರ ಕ್ಲಾಸಿನಲ್ಲಿ ಮಕ್ಕಳು ತೊಟ್ಟಿಗೆ ಮುತ್ತಿಕೊಂಡರು. ಮೀನು ಸಾಯುತ್ತೆ ಎಂದಿದ್ದ ಮಾನಿಟರ್ ಎಲ್ಲರಿಗಿಂತ ಮುಂದೆ ನುಗ್ಗಿ ಗಾಜಿಗೆ ಮುಖ ಒತ್ತಿದ. ದೊರೆ ಸರ್ರನೆ ಅವನ ಎದುರು ಬಂದು ಬಾಲ ಅಲ್ಲಾಡಿಸಿತು, ಬಾಯಿ ತೆರೆದು ಮುಚ್ಚಿತು.

"ನನ್ನ ನೋಡಿದ ತಕ್ಷಣ ಬಂತು," ಅಂದ ಅವನು. ಅವನ ಮುಖ ಅರಳಿತ್ತು. "ಒಂಬತ್ತು ದಿನ ಆದ್ರೂ ಮರೆತಿಲ್ಲ. ನನ್ನ ಕಂಡ್ರೇ ಅದಕ್ಕೆ ಇಷ್ಟ."

ಹಾಗಲ್ಲ ಎಂದು ಹೇಳಲು ಗುಬ್ಬಿ ಬಾಯಿ ತೆರೆದಳು. ದೊರೆ ಗಾಜಿನ ಆಚೆ ಕುಣಿಯುತ್ತಿತ್ತು. ಅದೇ ಕುಣಿತ, ಅದೇ ಬಾಯಿ; ಅವಳ ಎದುರು ಮನೆಯಲ್ಲಿ ಕುಣಿದದ್ದಕ್ಕಿಂತ ಒಂದು ಚೂರೂ ಕಡಿಮೆ ಇಲ್ಲ, ಒಂದು ಚೂರೂ ಹೆಚ್ಚಿಲ್ಲ. ಅವಳು ಬಾಯಿ ಮುಚ್ಚಿದಳು. ಮಾನಿಟರ್ ಕಾಳಿನ ಡಬ್ಬಿಗೆ ಕೈ ಚಾಚಿದಾಗ ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಬೆಳಿಗ್ಗೇನೇ ತಿಂದಿದೆ," ಅಂದಳು.

"ಇನ್ನೂ ಕೇಳ್ತಾ ಇದೆಯಲ್ಲ."

"ಕೇಳುತ್ತೆ," ಅಂದಳು ಗುಬ್ಬಿ.

ಮಿಸ್ ಬಗ್ಗಿ ನೋಡಿ, ಬಾಲಕ್ಕೆ ಏನಾಯಿತು ಎಂದು ಕೇಳಿದರು. ಟೀ ಜಾಲರಿಯಲ್ಲಿ ಹಿಡಿದೆ ಮಿಸ್, ಎಂದು ಗುಬ್ಬಿ ಹೇಳಿದಳು. ಎಷ್ಟು ಹೋಗಿದೆ ಎಂದು ಅವರು ಮತ್ತೆ ಕೇಳಿದರು. ಅವಳು ತೊಟ್ಟಿಯತ್ತ ತಿರುಗಿ ನೋಡದೆಯೇ ಹೇಳಿದಳು. ಬಾಲದಲ್ಲಿ ಎರಡು ಚೂರು, ಬೆನ್ನಿನ ರೆಕ್ಕೆಯಲ್ಲಿ ಒಂದು. ಒಟ್ಟು ಮೂರು.