ಕಾಗೆ ಮುಟ್ಟದ ಪಿಂಡ

ರಾತ್ರಿ ಬಾಗಿಲು ಬಡಿದ ಸದ್ದಾಯಿತು. ಜಯಾ ತೆರೆದಾಗ ಯಾರೂ ಇರಲಿಲ್ಲ; ಅಷ್ಟು ಸೆಕೆಯಲ್ಲೂ ಹೊಸ್ತಿಲು ಮಾತ್ರ ಕೊರೆಯುವಷ್ಟು ತಣ್ಣಗಿತ್ತು.

ಬೆಳಿಗ್ಗೆ ಬೆಳಂಬಾರದ ಕಡಲತೀರದಲ್ಲಿ ಗಂಡನ ಉತ್ತರಕ್ರಿಯೆ. ಸೈನ್ಯದಿಂದ ಮರಳಿ, ಪೊಲೀಸ್ ಇಲಾಖೆ ಸೇರಿ ನಿವೃತ್ತರಾಗಿದ್ದ ಕಮಲಾಕರ ನಾಯಕರ ಪಿಂಡವನ್ನು ಕಾಗೆಗಳು ಮುಟ್ಟಲೇ ಇಲ್ಲ. ಗಾಳಿಮರದ ತುಂಬ ಕುಳಿತಿದ್ದವು, ಒಂದೂ ಕೂಗಲಿಲ್ಲ. ತೆರೆಗಳ ಮೊರೆತವೂ ಅಡಗಿದಂತಿತ್ತು.

“ಆಯಿನ್ನ ನಾ ನೋಡ್ಕಳ್ತೆ, ಅಪ್ಪಾ,” ಎಂದು ಮಗ ಸಂದೇಶ ತಾಯಿಯತ್ತ ನೋಡಿ ಕೈಮುಗಿದ. ಕಾಗೆಗಳು ಕದಲಲಿಲ್ಲ.

“ಬದುಕಿದ್ದಾಗ ಯಾರದೂ ಒಂದು ಚಾ ಮುಟ್ಟಿದವನಲ್ಲ ನನ್ನ ತಮ್ಮ. ಈಗ ಅನ್ನ ಮುಟ್ತನೆ?” ಎಂದ ಕಮಲಾಕರರ ಅಣ್ಣ ನಗಲು ಹೋಗಿ ಬಿಕ್ಕಿದರು.

ಕಾರಣ ಜಯಾಳಿಗೆ ಗೊತ್ತಿತ್ತು. ಅದೇ ಊರಿನ ಮಂಜಿಯ ಮಗ ಜಟ್ಟುವಿನ ಮೇಲೆ ಕಾರು ಹಾಯಿಸಿ ಪರಾರಿಯಾದವನನ್ನು ಗಂಡ ನಿವೃತ್ತಿಯ ನಂತರವೂ ಹುಡುಕಿ ಪತ್ತೆಹಚ್ಚಿದ್ದರು. ಆ ಹೆಸರನ್ನು ಅವಳೊಬ್ಬಳಿಗೆ ಹೇಳಿದ ದಿನದಿಂದಲೇ ಅನ್ನ ಬಿಟ್ಟಿದ್ದರು.

ಜನರ ಹಿಂದೆ ಮಂಜಿ ಕಣ್ಣೊರೆಸುತ್ತ ನಿಂತಿದ್ದಳು. ಜಯಾ ಪಿಂಡದ ಎಲೆಯ ಮುಂದೆ ಕುಳಿತಳು.

“ಆಯ್ತು, ಹೇಳ್ತೆ,” ಎಂದಳು.

ಕಾಗೆಗಳೆಲ್ಲ ಒಮ್ಮೆಗೇ ಇಳಿದು, ರೆಕ್ಕೆಯ ಸದ್ದೂ ಇಲ್ಲದೆ ಎಲೆಯ ಸುತ್ತ ಕಾದು ನಿಂತವು.

“ಮಂಜೀ, ನಿನ್ನ ಜಟ್ಟುನ್ನ ಕೊಂದವ ನನ್ನ ಮಗ ಸಂದೇಶ.”