ಪೆಟ್ಟಿಗೆಯಿಲ್ಲದ ಸ್ಪೀಕರ್

“ಗಿಟ್ಲೆ, ನಿನ್ನ ಕಡೆ ಎತ್ತು! ಎಳೀಬೇಡ, ಎತ್ತು!”

“ಎತ್ತುತಾನೇ ಇದೀನಿ ಅಪ್ಪಾ! ಇದೇ ಏಳ್ತಿಲ್ಲ!”

ಅಪ್ಪ ಒಂದು ಕಡೆ, ಗಿಟ್ಲೆ ಇನ್ನೊಂದು ಕಡೆ. ನಡುವೆ ಅವಳ ಭುಜದಷ್ಟು ಎತ್ತರದ ಪ್ಲೈವುಡ್ ಹಲಗೆ. ಹಲಗೆಯಲ್ಲಿ ತಟ್ಟೆಯಗಲದ ತೂತು, ತೂತಿನಲ್ಲಿ ಕಪ್ಪು ಸ್ಪೀಕರ್. ಹಲಗೆ ಬೀಳದಂತೆ ಕೆಳಗೆ ಎರಡು ಮರದ ಕಾಲು. ಅಂಥದ್ದೇ ಇನ್ನೊಂದು ಹಲಗೆ ಕಿಟಕಿಯ ಪಕ್ಕದಲ್ಲಿ ಆಗಲೇ ನಿಂತಿತ್ತು.

ಗಿಟ್ಲೆಗೆ ಶಾಲೆಯಲ್ಲಿ ಬೇರೆ ಹೆಸರಿತ್ತು. ಆದರೆ ಒಂದು ಕಡೆ ನಿಲ್ಲದ ಹುಡುಗಿಯೆಂದು ಮನೆಯವರು ಅವಳನ್ನು ಗಿರಗಿಟ್ಲೆ ಎನ್ನುತ್ತಿದ್ದರು. ಅವಸರಕ್ಕೆ ಗಿಟ್ಲೆ.

ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಅಕ್ಕ ಕಿಸಕ್ಕನೆ ನಕ್ಕಳು. “ಪಾಪ, ನಿಮ್ಮ ಸ್ಪೀಕರಿಗೆ ಮುಂದೆ ಮಾತ್ರ ಬಟ್ಟೆ ಹೊಲಿಸಿದೀರಾ? ಹಿಂದೆ ಎಲ್ಲಾ ಕಾಣ್ತಿದೆ!”

“ಅದು ಹಾಗೇ ಇರಬೇಕು ಕಣೇ ಪಂಡಿತೆ! ಓಪನ್ ಬ್ಯಾಫಲ್ ಅಂದ್ರೆ ಪೆಟ್ಟಿಗೇನೇ ಇರಲ್ಲ. ಶಬ್ದ ಮುಂದೂ ಹೋಗತ್ತೆ, ಹಿಂದೂ ಹೋಗತ್ತೆ. ಅಲ್ವಾ ಅಪ್ಪ?”

ಅಪ್ಪ ತಲೆಯಾಡಿಸಿದ. ಅವನದು ಫ್ಯಾನ್, ಮಿಕ್ಸಿ ರಿಪೇರಿ ಅಂಗಡಿ. ಅಂಗಡಿ ಮುಚ್ಚಿ ಬಂದ ಮೇಲೆ ಹಲಗೆ ಕೊಯ್ದವನು ಅವನು. ಸಿಬಿರು ಏಳದಂತೆ ಅಂಚನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿದವಳು ಗಿಟ್ಲೆ. ಬೆರಳ ತುದಿ ಕೆಂಪಾದರೂ ಬಿಟ್ಟಿರಲಿಲ್ಲ.

ಅಡುಗೆಮನೆಯಿಂದ ಬಂದ ಅಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಮನೇಲಿ ಕಾಲಿಡೋಕೆ ಜಾಗ ಇಲ್ಲ. ಸಂಜೆಯೊಳಗೆ ಇವಕ್ಕೊಂದು ನೆಲೆ ಕಾಣಿಸಿ. ಇಲ್ಲಾಂದ್ರೆ ಎರಡೂ ಅಟ್ಟಕ್ಕೆ. ಹೇಳಿದೀನಿ!”

ಗಿಟ್ಲೆ ಹಲಗೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಈ ಸ್ಪೀಕರ್ ಅಟ್ಟಕ್ಕೆ ಹೋಗಬಾರದು. ಇದು ತಾತನಿಗೆಂದೇ ಮಾಡಿದ್ದು.

ಅಜ್ಜಿ ಇದ್ದಾಗ ತಾತ ದಿನಾ ಸಂಜೆ ಹಾಡು ಕೇಳುತ್ತಿದ್ದರು. ಅಜ್ಜಿ ಹೋದ ಮೇಲೆ ಊಟ ಮಾಡುತ್ತಿದ್ದರು, ದೇವರಿಗೆ ಕೈ ಮುಗಿಯುತ್ತಿದ್ದರು, ಗಿಟ್ಲೆಯ ಲೆಕ್ಕವನ್ನೂ ತಿದ್ದುತ್ತಿದ್ದರು. ಹಾಡು ಮಾತ್ರ ಬೇಡ. “ಆಮೇಲೆ ನೋಡೋಣ ಮಗು” ಎನ್ನುತ್ತಿದ್ದರು. ಆ ಆಮೇಲೆ ಬಂದೇ ಇರಲಿಲ್ಲ. ಇವತ್ತು ಗಿಟ್ಲೆಯ ಕಾಟ ತಾಳಲಾರದೆ ಒಪ್ಪಿದ್ದರು.

ಅವರನ್ನು ಹಾಲ್‌ನ ಹಿಂದಿನ ಕುರ್ಚಿಯಲ್ಲಿ ಕೂರಿಸಿ ಗಿಟ್ಲೆ ಹಾಡು ಹಾಕಿದಳು. ಕೊಳಲು, ಒಂದು ಹೆಣ್ಣು ದನಿ, ಹಿಂದೆ ಮೆಲ್ಲನೆ ತಾಳ. ಎರಡು ಹಲಗೆಯೂ ಗೋಡೆಗೆ ಒರಗಿದಂತೆ ನಿಂತಿದ್ದವು.

“ಹೇಗಿದೆ ತಾತ?”

ತಾತ ಸುಳ್ಳು ಹೇಳುವವರಲ್ಲ. “ಆ ತಾಯಿ ಬಕೆಟ್ ಒಳಗೆ ಕೂತು ಹಾಡಿದ ಹಾಗಿದೆ.”

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಪ್ಪ ತಲೆ ಕೆರೆದುಕೊಂಡ. “ನಮ್ಮದೇ ತಪ್ಪು. ಹಲಗೆ ಅಳತೆ ತಗೊಂಡ್ವಿ, ಮನೆ ಅಳತೆ ತಗೊಳ್ಳಲಿಲ್ಲ. ಹಿಂದೆ ಹೋದ ಶಬ್ದ ಗೋಡೆಗೆ ಬಡಿದು ತಕ್ಷಣ ವಾಪಸ್ ಬಂದು ಮುಂದಿನ ಶಬ್ದದ ಕಾಲು ತುಳೀತಿದೆ. ಹಲಗೆ ಗೋಡೆ ಬಿಟ್ಟು ಮುಂದೆ ಬರಬೇಕು.”

ಕಿಟಕಿಯ ಪಕ್ಕದ ಎಡಗಡೆಯ ಹಲಗೆ ಸುಲಭವಾಗಿ ಮುಂದೆ ಬಂತು.

“ಈಗ?”

“ಈಗ ಬಕೆಟಿನಿಂದ ಎದ್ದು ಕಿಟಕಿ ಹತ್ತಿರ ಓಡಿಹೋದಳು,” ಎಂದರು ತಾತ. “ಮಧ್ಯದಲ್ಲಿ ನಿಂತು ಹಾಡಬೇಕಲ್ವಾ?”

ಬಲಗಡೆಯದೂ ಅಷ್ಟೇ ಮುಂದೆ ಬರಬೇಕಿತ್ತು. ಅಪ್ಪ ಮತ್ತು ಗಿಟ್ಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಹಲಗೆಯ ಮುಂದಿನ ಜಾಗದಲ್ಲಿ ಮೊದಲು ಅಜ್ಜಿಯ ಮಂಚ ಇತ್ತು. ಈಗ ಮಂಚವಿಲ್ಲ, ನೆಲದ ಮೇಲೆ ಅದರ ಕಾಲುಗಳ ಗುರುತು ಮಾತ್ರ. ಅಲ್ಲೇನೂ ಇಡಬೇಡಿ ಎಂದು ಯಾರೂ ಹೇಳಿರಲಿಲ್ಲ, ಆದರೂ ಯಾರೂ ಇಡುತ್ತಿರಲಿಲ್ಲ. ಅಮ್ಮ ಕೂಡ ಅಡುಗೆಮನೆಗೆ ಹೋಗುವಾಗ ಇಲ್ಲದ ಮಂಚವನ್ನು ಸುತ್ತಿಕೊಂಡು ಹೋಗುತ್ತಿದ್ದಳು. ಒಮ್ಮೆ ಯಾರೋ ನೆಂಟರು ಅಲ್ಲಿ ಚೀಲ ಇಟ್ಟಿದ್ದರು. ತಾತ ಮಾತಾಡದೆ ಎದ್ದುಹೋಗಿ ಅದನ್ನು ಬದಿಗಿಟ್ಟು ಬಂದಿದ್ದರು.

“ಅಪ್ಪಾ, ಕಣ್ಣು ಮುಚ್ಚಿಕೊಳ್ಳಿ,” ಎಂದ ಅಪ್ಪ ತಾತನಿಗೆ. “ಕಣ್ಣು ಮುಚ್ಚಿ ಕೇಳಿದ್ರೆ ಹಾಡೋರು ಎಲ್ಲಿ ನಿಂತಿದಾರೆ ಅಂತ ಸರಿಯಾಗಿ ಗೊತ್ತಾಗತ್ತೆ. ನಾವು ನಿಧಾನ ಸರಿಸ್ತೀವಿ. ಸರಿ ಬಂದಾಗ ಹೇಳಿ.”

ತಾತ ಕಣ್ಣು ಮುಚ್ಚಿದರು.

ಹಲಗೆ ಒಂದು ಚೂರು ಸರಿಯಿತು. “ಮುಂದೆ,” ಎಂದರು ತಾತ.

ಇನ್ನೊಂದು ಚೂರು. “ಇನ್ನೂ.”

ಹಲಗೆಯ ಕಾಲು ಮಂಚದ ಗುರುತಿನ ಅಂಚಿಗೆ ಬಂದು ನಿಂತಿತು. ಗಿಟ್ಲೆಯ ಕೈ ಮುಂದಕ್ಕೆ ಬರಲಿಲ್ಲ. ಅಪ್ಪನ ಕೈಯೂ ಹಾಗೆಯೇ ನಿಂತುಬಿಟ್ಟಿತು. ಸೋಫಾದ ಮೇಲಿದ್ದ ಅಕ್ಕನ ನಗು ಮಾಯವಾಗಿತ್ತು.

“ಯಾಕೆ ನಿಂತ್ರಿ? ಇನ್ನೂ ಸ್ವಲ್ಪ ಮುಂದೆ ಬರಲಿ.”

ಅಪ್ಪ ಮೆಲ್ಲಗೆ ತಳ್ಳಿದ. ಹಲಗೆ ಗುರುತು ದಾಟಿತು.

ಆಗ ಅದು ಆಯಿತು. ಹಲಗೆಯಿಂದ ಬರುತ್ತಿದ್ದ ದನಿ ಹಲಗೆಯನ್ನೇ ಬಿಟ್ಟು ಹೊರಟಿತು. ಎರಡು ಹಲಗೆಗಳ ನಡುವೆ, ಏನೂ ಇಲ್ಲದ ಕಡೆ, ಯಾರೋ ನಿಜವಾಗಿ ನಿಂತು ಹಾಡತೊಡಗಿದರು. ಕೊಳಲು ಹಾಡುವವಳ ಹಿಂದೆ ಎಲ್ಲೋ ದೂರದಲ್ಲಿತ್ತು. ಗೋಡೆಯೇ ಹಿಂದಕ್ಕೆ ಸರಿದಂತಿತ್ತು.

“ಅಲ್ಲೇ!” ಎಂದರು ತಾತ. “ಅಲ್ಲಾಡಿಸಬೇಡಿ.”

ಗಿಟ್ಲೆಗೆ ಕುಣಿಯಬೇಕೆನಿಸಿತು. ಮರುಕ್ಷಣವೇ ಭಯವಾಯಿತು. ತಾತ ಈಗ ಕಣ್ಣು ಬಿಡುತ್ತಾರೆ. ನೋಡುತ್ತಾರೆ. ಎದ್ದು ಬಂದು ಮಾತಾಡದೆ ಹಲಗೆಯನ್ನು ಬದಿಗಿಡುತ್ತಾರೆ. ಹಾಡು ಮತ್ತೆ ಬೇಡವಾಗುತ್ತದೆ.

“ತಾತ, ಕಣ್ಣು ಬಿಡಬೇಡಿ!” ಅವಳು ಓಡಿಹೋಗಿ ಅವರ ಮೊಣಕಾಲು ಹಿಡಿದಳು. “ಮೊದಲು ನಾನೇ ಹೇಳ್ತೀನಿ. ಹಲಗೆ... ಹಲಗೆ ಅಜ್ಜಿ ಜಾಗದಲ್ಲಿದೆ. ಬೇಜಾರಾದ್ರೆ ತೆಗೆದುಬಿಡ್ತೀವಿ. ಅಟ್ಟಕ್ಕೆ ಹಾಕಿದ್ರೂ ಪರವಾಗಿಲ್ಲ.”

ತಾತ ಕಣ್ಣು ಬಿಡಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟರು.

“ಗೊತ್ತು ಮಗು.”

“ಗೊತ್ತಾ? ಕಣ್ಣು ಮುಚ್ಚಿದ್ರಲ್ಲ?”

“ಹುಚ್ಚಿ, ಆ ಜಾಗ ಎಲ್ಲಿದೆ ಅಂತ ತಿಳಿಯೋಕೆ ನನಗೆ ಕಣ್ಣು ಬೇಕಾ? ನಿಮ್ಮ ಕಾಲು ನಿಂತಾಗಲೇ ಗೊತ್ತಾಯ್ತು. ಅದಕ್ಕೇ ಇನ್ನೂ ಮುಂದೆ ಬರಲಿ ಅಂದೆ.”

ಗಿಟ್ಲೆ ಅವರ ಮೊಣಕಾಲಿಗೆ ಗಲ್ಲ ಊರಿ ನೆಲದ ಮೇಲೆ ಕೂತಳು.

“ಅಲ್ಲಿಂದ ಶಬ್ದ ನಿಂತು ಎಷ್ಟು ದಿನ ಆಗಿತ್ತು,” ಎಂದರು ತಾತ ಮೆಲ್ಲಗೆ. “ಮಲಗಿದಲ್ಲಿಂದಲೇ ಗುನುಗೋಳು ನಿಮ್ಮಜ್ಜಿ. ಸ್ವರ ಒಂದೂ ನೆಟ್ಟಗಿರ್ತಿರಲಿಲ್ಲ ಅನ್ನು. ನಾನು ರೇಗಿಸ್ತಿದ್ದೆ.” ಅವರ ತುಟಿಯಲ್ಲಿ ನಗು ಮೂಡಿತು, ಮುಚ್ಚಿದ ರೆಪ್ಪೆಯಡಿಯಿಂದ ನೀರೂ ಇಳಿಯಿತು. “ದೊಡ್ಡವನಪ್ಪಾ ನೀನು, ದೇವರೇ. ಎಷ್ಟು ಕಾಲ ನನಗೆ ಅವಳ ದನಿ ಕೇಳಿಸಿದೆ ನೀನು!”

ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಅಲ್ಲೇ ಇರಲಿ ಬಿಡಿ,” ಎಂದಳು. “ವೈರ್ ಮಾತ್ರ ಯಾರ ಕಾಲಿಗೂ ಸಿಗದ ಹಾಗೆ ನೋಡ್ಕೊಳ್ಳಿ.”

ಅಕ್ಕ ಸದ್ದಿಲ್ಲದೆ ಬಂದು ಗಿಟ್ಲೆಯ ಪಕ್ಕ ನೆಲದ ಮೇಲೆ ಕೂತಳು. “ಹಲಗೆ ಚೆನ್ನಾಗಿ ಉಜ್ಜಿದೀಯ ಕಣೇ,” ಎಂದು ಕಿವಿಯಲ್ಲಿ ಹೇಳಿದಳು.

ಹಾಡು ಮುಗಿಯಿತು. ಮುಂದಿನ ಹಾಡು ಹಾಕಲು ಅಪ್ಪ ಬಗ್ಗಿದ. ಗಿಟ್ಲೆ ತಾತನ ಮುಖ ನೋಡಿದಳು. ತಟ್ಟನೆ ಕೈ ಚಾಚಿ ಅಪ್ಪನ ತೋಳು ಹಿಡಿದು, ಬೇಡವೆಂದು ತಲೆಯಾಡಿಸಿದಳು.

ಕೋಣೆ ನಿಶ್ಶಬ್ದವಾಗಿತ್ತು. ತಾತ ಕಣ್ಣು ಮುಚ್ಚಿಕೊಂಡೇ, ಮಂಚವಿದ್ದ ಜಾಗದ ಕಡೆ ಕಿವಿಯಿಟ್ಟು, ಇನ್ನೂ ಕೇಳುತ್ತಿದ್ದರು.